ಸಕ್ಕರೆ ಕಾಯಿಲೆ ಇದ್ದರೆ ತಾಯಿಯಾಗಬಾರದೇ? 50 ವರ್ಷ ಇದೇ ಪ್ರಶ್ನೆಯ ಹಿಂದೆ ಬಿದ್ದ ಡಾ. ಪ್ರಿಸಿಲ್ಲಾ ವೈಟ್

ಸಕ್ಕರೆ ಕಾಯಿಲೆ ಇರುವ ಹೆಣ್ಣುಮಕ್ಕಳ ಬಗ್ಗೆ ಕೆಲವು ಮಾತುಗಳು ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಲೇ ಇರುತ್ತವೆ. ಅವರಿಗೆ ಮಕ್ಕಳಾಗುವುದಿಲ್ಲ, ಆದರೂ ಉಳಿಯುವುದಿಲ್ಲ, ಉಳಿದರೂ ಮಗುವಿಗೆ ಹುಟ್ಟಿನಿಂದಲೇ ಶುಗರ್ ಇರುತ್ತದೆ, ಬಸುರಿಯಲ್ಲಿ ಇನ್ಸುಲಿನ್ ತೆಗೆದುಕೊಂಡರೆ ಅದು ಮಗುವಿಗೆ ವಿಷ. ಹೀಗೆ ಹೆದರಿಸುವ ಸಂದೇಶಗಳು ಒಂದು ಕಡೆ. ಚಿಂತೆಯೇ ಬೇಡ, ಮಾತ್ರೆ ಬಿಡಿ, ಈ ಕಷಾಯ ಕುಡಿಯಿರಿ ಎಂದು ಧೈರ್ಯ ತುಂಬುವ ಸಂದೇಶಗಳು ಇನ್ನೊಂದು ಕಡೆ.

ಎರಡೂ ತಪ್ಪು. ನಿಜ ಸಂಗತಿ ಇಷ್ಟು: ಸಕ್ಕರೆ ಕಾಯಿಲೆ ಇರುವ ಬಹುಪಾಲು ಮಹಿಳೆಯರು ಆರೋಗ್ಯವಂತ ಮಗುವನ್ನು ಹೆರಬಲ್ಲರು. ಆದರೆ ತಯಾರಿ ಗರ್ಭ ನಿಲ್ಲುವ ಮೊದಲೇ ಶುರುವಾಗಬೇಕು.

ಇದನ್ನು ಕಂಡುಕೊಳ್ಳಲು ವೈದ್ಯಲೋಕಕ್ಕೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ಕಾಲದ ಬಹುಭಾಗವನ್ನು ಈ ಒಂದೇ ಕೆಲಸದಲ್ಲಿ ಕಳೆದ ವೈದ್ಯೆಯ ಕಥೆಯನ್ನು ನಾವಿಲ್ಲಿ ಹೇಳುತ್ತಿದ್ದೇವೆ. ಅವರ ಹೆಸರು ಪ್ರಿಸಿಲ್ಲಾ ವೈಟ್.

ಹೆಣ್ಣುಮಕ್ಕಳಿಗೆ ಬಾಗಿಲು ಮುಚ್ಚಿದ್ದ ಕಾಲ

ಪ್ರಿಸಿಲ್ಲಾ ವೈಟ್ ಹುಟ್ಟಿದ್ದು 1900ರ ಮಾರ್ಚ್ 17ರಂದು, ಅಮೆರಿಕದ ಬಾಸ್ಟನ್‌ನಲ್ಲಿ. ವೈದ್ಯೆಯಾಗಬೇಕೆಂಬ ಆಸೆ ಇತ್ತು. ಆದರೆ ಅದೇ ಊರಿನ ಹೆಸರಾಂತ ಹಾರ್ವರ್ಡ್ ವೈದ್ಯಕೀಯ ಕಾಲೇಜು ಆಗ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಆ ಬಾಗಿಲು ತೆರೆದದ್ದು 1945ರಲ್ಲಿ. ವೈಟ್ ಟಫ್ಟ್ಸ್ ವೈದ್ಯಕೀಯ ಕಾಲೇಜಿಗೆ ಸೇರಿದರು. 1923ರಲ್ಲಿ ತರಗತಿಗೆ ಮೂರನೆಯವರಾಗಿ ಹೊರಬಂದರು.

ಮುಂದಿನ ಹೆಜ್ಜೆಯೂ ಸುಲಭವಿರಲಿಲ್ಲ. ಬಾಸ್ಟನ್‌ನ ಆಸ್ಪತ್ರೆಗಳು ಇಂಟರ್ನ್‌ಶಿಪ್‌ಗೆ ಮಹಿಳೆಯರನ್ನು ತೆಗೆದುಕೊಳ್ಳುತ್ತಿರಲಿಲ್ಲ. ಹಾಗಾಗಿ ಅವರು ವುಸ್ಟರ್ ಎಂಬ ಬೇರೆ ಊರಿಗೆ ಹೋಗಿ ಆ ತರಬೇತಿ ಮುಗಿಸಿದರು. 1924ರಲ್ಲಿ ಡಾ. ಎಲಿಯಟ್ ಜೋಸ್ಲಿನ್ ಅವರ ಬಳಿ ಕೆಲಸಕ್ಕೆ ಸೇರಿದರು. ಅಮೆರಿಕದಲ್ಲಿ ಸಕ್ಕರೆ ಕಾಯಿಲೆಯೊಂದನ್ನೇ ಹಿಡಿದು ಕೆಲಸ ಮಾಡಿದ ಮೊದಲ ವೈದ್ಯರಲ್ಲಿ ಜೋಸ್ಲಿನ್ ಒಬ್ಬರು. ತಮ್ಮಲ್ಲಿಗೆ ಬರುವ ಮಕ್ಕಳನ್ನೂ ಗರ್ಭಿಣಿಯರನ್ನೂ ನೋಡಿಕೊಳ್ಳುವ ಹೊಣೆಯನ್ನು ಅವರು ಈ ಹೊಸ ವೈದ್ಯೆಗೆ ಒಪ್ಪಿಸಿದರು.

ತಾಯಿ ಉಳಿದಳು, ಮಗು ಉಳಿಯಲಿಲ್ಲ

ಅದು ಎಂಥ ಕಾಲ ಎಂಬುದನ್ನು ಸ್ವಲ್ಪ ನೆನಪಿಸಿಕೊಳ್ಳೋಣ. 1921ಕ್ಕೆ ಮೊದಲು ಇನ್ಸುಲಿನ್ ಇರಲಿಲ್ಲ. ಈಗ ನಾವು ಟೈಪ್ 1 ಎನ್ನುವ ಸಕ್ಕರೆ ಕಾಯಿಲೆ ಮಕ್ಕಳಿಗೆ ಬಂದರೆ, ಹೆಚ್ಚಿನವರು ಒಂದೆರಡು ವರ್ಷದಲ್ಲಿ ತೀರಿಕೊಳ್ಳುತ್ತಿದ್ದರು. ಆಗಿದ್ದ ಚಿಕಿತ್ಸೆ ಎಂದರೆ ಹಸಿವಿನಲ್ಲಿಡುವುದು. ಊಟವನ್ನು ಎಷ್ಟು ಕಡಿಮೆ ಮಾಡುತ್ತಿದ್ದರೆಂದರೆ ಮಕ್ಕಳು ಎಲುಬಿನ ಗೂಡಾಗುತ್ತಿದ್ದರು. ಅದರಿಂದ ಸಾವು ಕೆಲವು ತಿಂಗಳು ಮುಂದೆ ಹೋಗುತ್ತಿತ್ತು, ಅಷ್ಟೆ. ಈ ಕಾಯಿಲೆ ಇರುವ ಹುಡುಗಿ ದೊಡ್ಡವಳಾಗಿ ತಾಯಿಯಾಗುವುದು ತೀರಾ ಅಪರೂಪ. ಗರ್ಭಿಣಿಯಾದರೆ ತಾಯಿಯ ಜೀವಕ್ಕೇ ಅಪಾಯ.

1921ರಲ್ಲಿ ಕೆನಡಾದ ಟೊರೊಂಟೊದಲ್ಲಿ ಇನ್ಸುಲಿನ್ ಪತ್ತೆಯಾಯಿತು. 1922ರ ಜನವರಿಯಲ್ಲಿ ಮೊದಲ ಬಾರಿಗೆ 14 ವರ್ಷದ ಹುಡುಗನೊಬ್ಬನಿಗೆ ಅದನ್ನು ಕೊಟ್ಟರು. ಸಾಯಲಿದ್ದ ಮಕ್ಕಳು ಎದ್ದು ಓಡಾಡತೊಡಗಿದರು. ಸಕ್ಕರೆ ಕಾಯಿಲೆ ಇರುವ ಗರ್ಭಿಣಿಯರೂ ಬದುಕಿ ಉಳಿಯತೊಡಗಿದರು.

ಆದರೆ ಅವರ ಮಕ್ಕಳು ಉಳಿಯಲಿಲ್ಲ. ವೈಟ್ ಕೆಲಸಕ್ಕೆ ಸೇರಿದ 1924ರಲ್ಲಿ ಜೋಸ್ಲಿನ್ ಅವರ ಚಿಕಿತ್ಸಾಲಯದಲ್ಲಿ ಇಂಥ ತಾಯಂದಿರ ಮಕ್ಕಳಲ್ಲಿ ಉಳಿಯುತ್ತಿದ್ದವರು 100ಕ್ಕೆ 54. ಅಂದರೆ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು ಹೊಟ್ಟೆಯಲ್ಲೇ ಅಥವಾ ಹುಟ್ಟಿದ ಸ್ವಲ್ಪ ಸಮಯದಲ್ಲೇ ಸಾಯುತ್ತಿದ್ದರು. ಅನೇಕ ಕಡೆ ಮಗುವಿಗೆ ಎಂಟು ತಿಂಗಳು ತುಂಬಿ, ಎಲ್ಲವೂ ಸರಿಯಿದೆ ಎನ್ನುವಾಗ ಇದ್ದಕ್ಕಿದ್ದಂತೆ ಅದರ ಎದೆಬಡಿತ ನಿಲ್ಲುತ್ತಿತ್ತು. ಇಂಥವರು ಬಸಿರಾಗಲೇಬಾರದು ಎಂಬ ಮಾತು ಹುಟ್ಟಿದ್ದು ಈ ಅನುಭವದಿಂದ. ನೂರು ವರ್ಷದ ಹಿಂದೆ ಆ ಮಾತಿಗೆ ಕಾರಣವಿತ್ತು.

ಹೊಟ್ಟೆಯೊಳಗೆ ಏನಾಗುತ್ತಿತ್ತು?

ತಾಯಿಯ ರಕ್ತದಲ್ಲಿರುವ ಸಕ್ಕರೆ ಮಾಸಿನ ಮೂಲಕ ಮಗುವಿಗೆ ಹೋಗುತ್ತದೆ. ತಾಯಿಯ ಇನ್ಸುಲಿನ್ ಹಾಗೆ ದಾಟಿ ಹೋಗುವುದಿಲ್ಲ. ತಾಯಿಯ ಸಕ್ಕರೆ ಹೆಚ್ಚಿದ್ದರೆ ಮಗುವಿಗೂ ಹೆಚ್ಚು ಸಕ್ಕರೆ ಸಿಗುತ್ತದೆ. ಅದನ್ನು ನಿಭಾಯಿಸಲು ಮಗು ತನ್ನದೇ ಮೇದೋಜೀರಕ ಗ್ರಂಥಿಯಿಂದ ಹೆಚ್ಚೆಚ್ಚು ಇನ್ಸುಲಿನ್ ಸುರಿಸುತ್ತದೆ. ಇನ್ಸುಲಿನ್ ಬೆಳವಣಿಗೆಯನ್ನೂ ಹೆಚ್ಚಿಸುತ್ತದೆ. ಹಾಗಾಗಿ ಮಗು ಅತಿಯಾಗಿ ದಪ್ಪವಾಗುತ್ತದೆ, ಅದಕ್ಕೆ ಬೇಕಾಗುವ ಆಮ್ಲಜನಕವೂ ಹೆಚ್ಚುತ್ತದೆ. ಹುಟ್ಟಿದ ಕೂಡಲೇ ತಾಯಿಯಿಂದ ಬರುತ್ತಿದ್ದ ಸಕ್ಕರೆ ನಿಲ್ಲುತ್ತದೆ, ಮಗುವಿನ ಇನ್ಸುಲಿನ್ ಮಾತ್ರ ಹೆಚ್ಚೇ ಇರುತ್ತದೆ. ಆಗ ಮಗುವಿನ ಸಕ್ಕರೆ ಸರ್ರನೆ ಕುಸಿಯುತ್ತದೆ.

ಈ ವಿವರಣೆಯನ್ನು ಸ್ಪಷ್ಟವಾಗಿ ಮುಂದಿಟ್ಟವರು ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನ ವೈದ್ಯ ಯೋರ್ಗನ್ ಪೀಡರ್‌ಸನ್. ಅದು 1950ರ ದಶಕದ ಮಾತು. ವೈಟ್ ಕೆಲಸ ಶುರುಮಾಡಿದಾಗ ಇದ್ಯಾವುದೂ ಗೊತ್ತಿರಲಿಲ್ಲ. ಅವರ ಕೈಯಲ್ಲಿದ್ದದ್ದು ಎದುರಿಗಿದ್ದ ತಾಯಂದಿರು ಮತ್ತು ಅವರ ದಾಖಲೆ ಪುಸ್ತಕಗಳು.

ಪವಾಡವಿಲ್ಲ, ದಿನದಿನದ ಲೆಕ್ಕ

ವೈಟ್ ಮಾಡಿದ್ದು ಕೇಳಲು ಸಾಧಾರಣ ಕೆಲಸ. ಗರ್ಭಿಣಿಯರನ್ನು ಪದೇ ಪದೇ ಕರೆಸಿ ನೋಡುವುದು. ಊಟ, ಇನ್ಸುಲಿನ್, ತೂಕ, ರಕ್ತದೊತ್ತಡ ಎಲ್ಲವನ್ನೂ ಬರೆದಿಡುವುದು. ಸಕ್ಕರೆ ಕಾಯಿಲೆಯ ವೈದ್ಯರು, ಹೆರಿಗೆ ವೈದ್ಯರು, ಮಕ್ಕಳ ವೈದ್ಯರು ಮೂವರೂ ಒಬ್ಬಳೇ ತಾಯಿಯ ಸುತ್ತ ಒಟ್ಟಿಗೆ ನಿಲ್ಲುವಂತೆ ಮಾಡುವುದು. ಕೊನೆಯ ವಾರಗಳಲ್ಲೇ ಮಗು ಸಾಯುತ್ತಿದ್ದುದರಿಂದ ದಿನ ತುಂಬುವ ಕೆಲವು ವಾರ ಮೊದಲೇ ಹೆರಿಗೆ ಮಾಡಿಸುವುದು. ಹುಟ್ಟಿದ ಮಗು ಎಷ್ಟೇ ದಪ್ಪಗಿದ್ದರೂ ಅದನ್ನು ಅವಧಿಗೆ ಮೊದಲೇ ಹುಟ್ಟಿದ ಸೂಕ್ಷ್ಮ ಮಗುವಿನಂತೆ ಕಾಯುವುದು.

ಇಂದು ಬೆರಳ ತುದಿಯ ಒಂದು ಹನಿ ರಕ್ತ ಹಾಕಿದರೆ ಕೆಲವೇ ಸೆಕೆಂಡುಗಳಲ್ಲಿ ಸಕ್ಕರೆಯ ಅಂಕಿ ಬರುತ್ತದೆ. ಅಂದು ಮನೆಯಲ್ಲಿದ್ದದ್ದು ಮೂತ್ರ ಪರೀಕ್ಷೆ ಮಾತ್ರ. ನೀಲಿ ಬಣ್ಣದ ಬೆನೆಡಿಕ್ಟ್ ದ್ರಾವಣಕ್ಕೆ ಕೆಲವು ಹನಿ ಮೂತ್ರ ಹಾಕಿ ಬಿಸಿ ಮಾಡಬೇಕು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ, ಕಿತ್ತಳೆ ಆಗುತ್ತಾ ಇಟ್ಟಿಗೆ ಕೆಂಪಿಗೆ ತಿರುಗಿದರೆ ಸಕ್ಕರೆ ಬಹಳ ಇದೆ ಎಂದರ್ಥ. ಕೆಲವು ಗಂಟೆಗಳ ಹಿಂದೆ ಏನಾಗಿತ್ತು ಎಂಬುದನ್ನಷ್ಟೇ ಅದು ಹೇಳುತ್ತಿತ್ತು. ಗರ್ಭಿಣಿಯರಿಗೆ ಅದು ಇನ್ನೂ ಒರಟು ಅಳತೆ. ರಕ್ತದಲ್ಲಿ ಸಕ್ಕರೆ ಅಷ್ಟೇನೂ ಹೆಚ್ಚಿಲ್ಲದಿದ್ದರೂ ಅವರ ಮೂತ್ರದಲ್ಲಿ ಅದು ಕಾಣಿಸಿಕೊಳ್ಳಬಹುದು. ಇಷ್ಟನ್ನೇ ನಂಬಿಕೊಂಡು ಆ ತಾಯಂದಿರು ಒಂಬತ್ತು ತಿಂಗಳು ಕಳೆಯುತ್ತಿದ್ದರು.

ಗರ್ಭಿಣಿಯರ ಜೊತೆಗೆ ವೈಟ್ ಮಕ್ಕಳನ್ನೂ ನೋಡುತ್ತಿದ್ದರು. ಮಕ್ಕಳಲ್ಲಿ ಸಕ್ಕರೆ ಕಾಯಿಲೆಯ ಬಗ್ಗೆ 1932ರಲ್ಲಿ ಪುಸ್ತಕ ಬರೆದರು. ಅದೇ ವರ್ಷ ಮ್ಯಾಸಚೂಸೆಟ್ಸ್‌ನಲ್ಲಿ ಈ ಕಾಯಿಲೆ ಇರುವ ಹುಡುಗಿಯರಿಗಾಗಿ ಬೇಸಿಗೆ ಶಿಬಿರವೊಂದು ಶುರುವಾಯಿತು. ಅದನ್ನು ಕಟ್ಟಿ ಬೆಳೆಸಿದವರಲ್ಲಿ ಅವರೂ ಒಬ್ಬರು. ತಾವೇ ಇನ್ಸುಲಿನ್ ಹಾಕಿಕೊಳ್ಳುವುದು, ಊಟ ಲೆಕ್ಕ ಹಾಕುವುದು, ಆಟವಾಡುವುದು ಎಲ್ಲವನ್ನೂ ಅಲ್ಲಿ ಕಲಿಯಬಹುದಿತ್ತು. ಹೀಗೆ ಅವರು ಚಿಕ್ಕಂದಿನಿಂದ ನೋಡಿಕೊಂಡ ಹುಡುಗಿಯರು ದೊಡ್ಡವರಾಗಿ, ಮದುವೆಯಾಗಿ, ತಾಯಿಯಾಗಲು ಮತ್ತೆ ಅವರ ಬಳಿಗೇ ಬಂದರು.

ಎಲ್ಲರಿಗೂ ಒಂದೇ ಉತ್ತರವಲ್ಲ

ನೂರಾರು ತಾಯಂದಿರನ್ನು ನೋಡಿದ ಮೇಲೆ ವೈಟ್‌ಗೆ ಒಂದು ವಿಷಯ ಖಚಿತವಾಯಿತು. ಸಕ್ಕರೆ ಕಾಯಿಲೆ ಇದೆ ಎಂದ ಮಾತ್ರಕ್ಕೆ ಎಲ್ಲರ ಅಪಾಯವೂ ಒಂದೇ ಅಲ್ಲ. ಕಾಯಿಲೆ ಯಾವ ವಯಸ್ಸಿನಲ್ಲಿ ಬಂತು, ಬಂದು ಎಷ್ಟು ವರ್ಷವಾಯಿತು, ಕಣ್ಣು, ಮೂತ್ರಪಿಂಡ ಮತ್ತು ರಕ್ತನಾಳಗಳಿಗೆ ಪೆಟ್ಟು ಬಿದ್ದಿದೆಯೇ ಎಂಬುದರ ಮೇಲೆ ಫಲ ನಿಂತಿದೆ.

ಇದನ್ನು ಅವರು 1949ರಲ್ಲಿ ಅಕ್ಷರಗಳ ವರ್ಗೀಕರಣವಾಗಿ ಪ್ರಕಟಿಸಿದರು. ಪಥ್ಯದಲ್ಲೇ ಸಕ್ಕರೆ ಹತೋಟಿಗೆ ಬರುವವರು ಎ ವರ್ಗ. 20 ವರ್ಷ ದಾಟಿದ ಮೇಲೆ ಕಾಯಿಲೆ ಬಂದು, 10 ವರ್ಷ ತುಂಬದವರು ಬಿ ವರ್ಗ. ಹೀಗೆ ಮುಂದುವರಿದು, ಮೂತ್ರಪಿಂಡಕ್ಕೆ ಹಾನಿಯಾದವರು ಎಫ್ ವರ್ಗ. ಮುಂದೆ ಇನ್ನೂ ಕೆಲವು ಅಕ್ಷರಗಳು ಸೇರಿದವು. ವೈಟ್ ವರ್ಗೀಕರಣ ಎಂಬ ಹೆಸರಿನಲ್ಲಿ ಇದನ್ನು ಜಗತ್ತಿನಾದ್ಯಂತ ಹೆರಿಗೆ ವೈದ್ಯರು ದಶಕಗಳ ಕಾಲ ಬಳಸಿದರು. ಸಾರಾಸಗಟಾಗಿ ಬೇಡ ಎನ್ನುವ ಬದಲು, ಈ ತಾಯಿಗೆ ಏನು ಅಪಾಯ, ಅದಕ್ಕೆ ಏನು ತಯಾರಿ ಬೇಕು ಎಂದು ಕೇಳುವ ರೂಢಿ ಇದರಿಂದ ಬೆಳೆಯಿತು.

ಅವರ ಒಂದು ಔಷಧ ಸೋತಿತು

ವೈಟ್ ಅವರ ಎಲ್ಲ ನಂಬಿಕೆಯೂ ಸರಿಯಾಗಿರಲಿಲ್ಲ. ಈ ಗರ್ಭಿಣಿಯರಲ್ಲಿ ಹೆಣ್ತನದ ಹಾರ್ಮೋನುಗಳ ಏರುಪೇರಿನಿಂದಲೇ ಮಕ್ಕಳು ಸಾಯುತ್ತಿರಬಹುದು ಎಂದು ಅವರು ಎಣಿಸಿದ್ದರು. ಹಾಗಾಗಿ ಅನೇಕರಿಗೆ ಹಾರ್ಮೋನು ಔಷಧಿಗಳನ್ನು ಕೊಟ್ಟರು. ಅವುಗಳಲ್ಲಿ ಸ್ಟಿಲ್ಬೆಸ್ಟ್ರಾಲ್ ಕೂಡ ಒಂದು. ಮಕ್ಕಳು ಉಳಿಯುವ ಪ್ರಮಾಣ ಏರುತ್ತಲೇ ಇತ್ತು, ಹಾಗಾಗಿ ಔಷಧಿ ಕೆಲಸ ಮಾಡುತ್ತಿದೆ ಎಂದೇ ತೋರಿತು.

ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಇದನ್ನು ಸರಿಯಾಗಿ ಪರೀಕ್ಷಿಸಿತು. ಹಾರ್ಮೋನು ಕೊಟ್ಟ ಗುಂಪನ್ನು ಕೊಡದ ಗುಂಪಿನ ಪಕ್ಕದಲ್ಲಿಟ್ಟು ನೋಡಿತು. 1955ರಲ್ಲಿ ಫಲಿತಾಂಶ ಬಂತು: ಲಾಭ ಕಾಣಲಿಲ್ಲ. ಅಷ್ಟೇ ಅಲ್ಲ, 1971ರಲ್ಲಿ ಬಾಸ್ಟನ್‌ನ ವೈದ್ಯರೇ ಇನ್ನೊಂದು ಕಹಿ ಸತ್ಯ ಕಂಡುಕೊಂಡರು. ಗರ್ಭಿಣಿಯಾಗಿದ್ದಾಗ ಸ್ಟಿಲ್ಬೆಸ್ಟ್ರಾಲ್ ತೆಗೆದುಕೊಂಡ ತಾಯಂದಿರ ಕೆಲವು ಹೆಣ್ಣುಮಕ್ಕಳಿಗೆ ಹರೆಯದಲ್ಲಿ ಯೋನಿಯ ಅಪರೂಪದ ಕ್ಯಾನ್ಸರ್ ಬಂದಿತ್ತು. ಬೇರೆ ಬೇರೆ ಕಾರಣಕ್ಕೆ ಅನೇಕ ದೇಶಗಳ ಗರ್ಭಿಣಿಯರಿಗೆ ಆ ಔಷಧಿ ಕೊಡಲಾಗಿತ್ತು.

ಫಾರ್ವರ್ಡ್ ಓದುವ ನಮಗೆಲ್ಲ ಇದರಲ್ಲಿ ಪಾಠವಿದೆ. ಒಬ್ಬ ಒಳ್ಳೆಯ ವೈದ್ಯೆ ಪ್ರಾಮಾಣಿಕವಾಗಿ ನಂಬಿದ್ದೂ ಹೋಲಿಕೆಯ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಹಾಗಿದ್ದ ಮೇಲೆ ಯಾರೋ ಕಳಿಸಿದ, ಯಾರೂ ಪರೀಕ್ಷಿಸದ ಕಷಾಯವನ್ನು ಗರ್ಭಿಣಿಗೆ ಕುಡಿಸುವ ಮೊದಲು ನಾವೆಷ್ಟು ಯೋಚಿಸಬೇಕು!

54ರಿಂದ 90ರ ಆಚೆಗೆ

1960ರಲ್ಲಿ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ವೈಟ್ ಅವರಿಗೆ ತನ್ನ ಬ್ಯಾಂಟಿಂಗ್ ಪದಕ ಕೊಟ್ಟಿತು. ಆ ಗೌರವ ಪಡೆದ ಮೊದಲ ಮಹಿಳೆ ಅವರು. 1974ರಲ್ಲಿ ನಿವೃತ್ತರಾಗುವ ಹೊತ್ತಿಗೆ ಸಕ್ಕರೆ ಕಾಯಿಲೆ ಇರುವ 2,200ಕ್ಕೂ ಹೆಚ್ಚು ತಾಯಂದಿರ ಹೆರಿಗೆಗೆ ಅವರ ಉಸ್ತುವಾರಿ ಇತ್ತು. 100ಕ್ಕೆ 54 ಇದ್ದ ಮಕ್ಕಳ ಉಳಿವು 90 ದಾಟಿತ್ತು. ಇದನ್ನು ಸಾಧಿಸಿದ್ದು ಯಾವುದೋ ಒಂದು ಮಾಂತ್ರಿಕ ಔಷಧಿ ಅಲ್ಲ. ಇನ್ಸುಲಿನ್, ಲೆಕ್ಕವಿಟ್ಟ ಊಟ, ಬಿಡದ ತಪಾಸಣೆ, ಸುಧಾರಿಸುತ್ತ ಬಂದ ಹೆರಿಗೆ ಮತ್ತು ಶಿಶು ಆರೈಕೆ ಎಲ್ಲ ಸೇರಿ ಸಾಧಿಸಿದವು.

ಆದರೂ ಒಂದು ಸಮಸ್ಯೆ ಹಾಗೇ ಉಳಿಯಿತು. ಹೃದಯ, ಬೆನ್ನುಹುರಿ, ಮೆದುಳಿನ ಹುಟ್ಟು ದೋಷಗಳು ಈ ತಾಯಂದಿರ ಮಕ್ಕಳಲ್ಲಿ ಹೆಚ್ಚಾಗಿಯೇ ಇದ್ದವು. ಗರ್ಭಿಣಿ ಎಂದು ತಿಳಿದ ದಿನದಿಂದ ಎಷ್ಟೇ ಎಚ್ಚರ ವಹಿಸಿದರೂ ಅವು ಕಡಿಮೆಯಾಗಲಿಲ್ಲ.

ಉತ್ತರ ಸಿಕ್ಕಿದ್ದು ವೈಟ್ ನಿವೃತ್ತರಾದ ಮೇಲೆ. ಅದರ ಒಂದು ಭಾಗ ಅವರದೇ ಚಿಕಿತ್ಸಾಲಯದಲ್ಲಿ ಸಿಕ್ಕಿತು. ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆ ಆಗಷ್ಟೇ ಬಳಕೆಗೆ ಬಂದಿತ್ತು. ಜೋಸ್ಲಿನ್ ಚಿಕಿತ್ಸಾಲಯದ ವೈದ್ಯರು 116 ತಾಯಂದಿರ ಲೆಕ್ಕವನ್ನು 1981ರಲ್ಲಿ ಪ್ರಕಟಿಸಿದರು. ಬಸುರಿಯ ಆರಂಭದಲ್ಲಿ ಈ ಅಂಕಿ 8.5ರ ಒಳಗಿದ್ದವರ ಮಕ್ಕಳಲ್ಲಿ ದೊಡ್ಡ ಹುಟ್ಟು ದೋಷ 100ಕ್ಕೆ 3.4ರಷ್ಟು. 8.5ಕ್ಕಿಂತ ಮೇಲಿದ್ದವರಲ್ಲಿ 22.4.

ಎರಡು ವರ್ಷದ ನಂತರ, 1983ರಲ್ಲಿ, ಪೂರ್ವ ಜರ್ಮನಿಯ ಕಾರ್ಲ್ಸ್‌ಬುರ್ಗ್‌ನಿಂದ ಇನ್ನೂ ಸ್ಪಷ್ಟವಾದ ಲೆಕ್ಕ ಬಂತು. ಗರ್ಭ ಧರಿಸುವ ಮೊದಲೇ ಸಕ್ಕರೆಯನ್ನು ಬಿಗಿ ಹತೋಟಿಗೆ ತಂದುಕೊಂಡ 128 ತಾಯಂದಿರ ಮಕ್ಕಳಲ್ಲಿ ಒಂದು ಮಗುವಿಗೆ ಮಾತ್ರ ದೋಷವಿತ್ತು. ಎಂಟು ವಾರ ಕಳೆದ ಮೇಲೆ ಬಂದು ಸೇರಿದ 292 ತಾಯಂದಿರ ಮಕ್ಕಳಲ್ಲಿ 22 ಮಕ್ಕಳಿಗೆ ದೋಷವಿತ್ತು.

ಕಾರಣ ಸರಳ. ಮುಟ್ಟು ತಪ್ಪಿ, ಅನುಮಾನ ಬಂದು, ಪರೀಕ್ಷೆ ಮಾಡಿಸಿ, ಮನೆಯವರಿಗೆ ಹೇಳಿ, ಆಸ್ಪತ್ರೆಗೆ ಹೋಗುವ ಹೊತ್ತಿಗೆ ಮಗುವಿನ ಹೃದಯ, ಮೆದುಳು, ಬೆನ್ನುಹುರಿಗಳ ಮೂಲ ಕಟ್ಟಡ ಬಹುತೇಕ ಮುಗಿದಿರುತ್ತದೆ. ಆ ವಾರಗಳಲ್ಲಿ ಸಕ್ಕರೆ ಹೆಚ್ಚಿದ್ದರೆ ಆದ ಹಾನಿಯನ್ನು ಆಮೇಲೆ ತಿದ್ದಲಾಗದು. ಹಾಗಾಗಿಯೇ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ 1976ರಷ್ಟು ಹಿಂದೆಯೇ ಗರ್ಭ ಧರಿಸುವ ಮೊದಲು ಬರಬೇಕಾದ ವಿಶೇಷ ಚಿಕಿತ್ಸಾಲಯ ಶುರುವಾಗಿತ್ತು.

1989ರ ಅಕ್ಟೋಬರ್‌ನಲ್ಲಿ ಯುರೋಪಿನ ದೇಶಗಳ ಪ್ರತಿನಿಧಿಗಳು ಇಟಲಿಯ ಸೇಂಟ್ ವಿನ್ಸೆಂಟ್‌ನಲ್ಲಿ ಸೇರಿ ಗುರಿಯೊಂದನ್ನು ಘೋಷಿಸಿದರು. ಸಕ್ಕರೆ ಕಾಯಿಲೆ ಇರುವ ತಾಯಂದಿರ ಹೆರಿಗೆಯ ಫಲ ಉಳಿದ ತಾಯಂದಿರ ಮಟ್ಟಕ್ಕೆ ಹತ್ತಿರ ಬರಬೇಕು ಎಂಬುದು ಅದು. ಅದೇ ವರ್ಷದ ಡಿಸೆಂಬರ್‌ನಲ್ಲಿ ಪ್ರಿಸಿಲ್ಲಾ ವೈಟ್ ತೀರಿಕೊಂಡರು. ಆಗ ಅವರಿಗೆ 89 ವರ್ಷ.

ಇಂದು ಮಗು ಬೇಕೆನ್ನುವವರು ಏನು ಮಾಡಬೇಕು?

ಮೊದಲು ಒಂದು ಸ್ಪಷ್ಟನೆ. ಬಸುರಿಯಲ್ಲೇ ಹೊಸದಾಗಿ ಕಾಣಿಸಿಕೊಳ್ಳುವ ಶುಗರ್ ಬೇರೆ. ಕೆಳಗಿನ ಮಾತುಗಳು ಮೊದಲೇ ಟೈಪ್ 1 ಅಥವಾ ಟೈಪ್ 2 ಇರುವವರಿಗೆ.

• ಮಗು ಬೇಕೆಂದು ನಿರ್ಧರಿಸುವ ಮೂರರಿಂದ ಆರು ತಿಂಗಳು ಮೊದಲೇ ವೈದ್ಯರನ್ನು ಕಾಣಿರಿ. ಅಲ್ಲಿಯವರೆಗೆ ಗರ್ಭನಿರೋಧಕ ಬಿಡಬೇಡಿ.

• ಎಚ್‌ಬಿಎ1ಸಿ 6.5ಕ್ಕಿಂತ ಕಡಿಮೆ ಇರುವುದು ಸಾಮಾನ್ಯ ಗುರಿ. ಆದರೆ ಸಕ್ಕರೆ ಪದೇ ಪದೇ ತೀರಾ ಕುಸಿಯುವಂತೆ ಆಗಬಾರದು. 10ಕ್ಕಿಂತ ಮೇಲಿದ್ದರೆ ಸದ್ಯಕ್ಕೆ ಗರ್ಭ ಧರಿಸುವುದು ಬೇಡ ಎಂಬುದು ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿ. ಅಂಕಿ ಗುರಿ ಮುಟ್ಟದಿದ್ದರೂ ಇಳಿದಷ್ಟೂ ಅಪಾಯ ಇಳಿಯುತ್ತದೆ.

• ಫೋಲಿಕ್ ಆಸಿಡ್ ಮಾತ್ರೆಯನ್ನು ಗರ್ಭ ನಿಲ್ಲುವ ಮೊದಲೇ ಶುರುಮಾಡಬೇಕು. ಸಕ್ಕರೆ ಕಾಯಿಲೆ ಇರುವವರಿಗೆ ಹೆಚ್ಚಿನ ಪ್ರಮಾಣ ಬೇಕಾಗಬಹುದು, ವೈದ್ಯರು ಹೇಳುತ್ತಾರೆ.

• ಕಣ್ಣಿನ ಹಿಂಪರದೆ, ಮೂತ್ರಪಿಂಡ, ರಕ್ತದೊತ್ತಡ ಪರೀಕ್ಷಿಸಿಕೊಳ್ಳಿ. ಕಣ್ಣಿನ ತೊಂದರೆ ಬಸುರಿಯಲ್ಲಿ ಹೆಚ್ಚಬಹುದು.

• ನಿಮ್ಮ ಎಲ್ಲ ಮಾತ್ರೆಗಳನ್ನೂ ವೈದ್ಯರಿಗೆ ತೋರಿಸಿ. ಟೆಲ್ಮಿಸಾರ್ಟನ್, ಲೋಸಾರ್ಟನ್, ರಾಮಿಪ್ರಿಲ್‌ನಂಥ ಬಿಪಿ ಮಾತ್ರೆಗಳನ್ನೂ ಕೊಲೆಸ್ಟರಾಲ್‌ನ ಸ್ಟಾಟಿನ್ ಮಾತ್ರೆಗಳನ್ನೂ ಸಾಮಾನ್ಯವಾಗಿ ಬದಲಿಸಬೇಕು ಅಥವಾ ನಿಲ್ಲಿಸಬೇಕು. ನೀವಾಗಿಯೇ ನಿಲ್ಲಿಸಬೇಡಿ.

• ಯೋಜಿಸದೆ ಗರ್ಭ ನಿಂತಿದ್ದರೆ ಹೆದರಿ ಕೂರಬೇಡಿ. ಅದೇ ದಿನ ವೈದ್ಯರಿಗೆ ತಿಳಿಸಿ, ಇನ್ಸುಲಿನ್ ನಿಲ್ಲಿಸಬೇಡಿ. ಎಚ್‌ಬಿಎ1ಸಿ ಹೆಚ್ಚಿದ್ದ ಅನೇಕ ತಾಯಂದಿರಿಗೂ ಆರೋಗ್ಯವಂತ ಮಕ್ಕಳು ಹುಟ್ಟಿದ್ದಾರೆ.

ಫಾರ್ವರ್ಡ್‌ಗಳ ಮಾತು, ನಿಜ ಸಂಗತಿ

ಇನ್ಸುಲಿನ್ ಮಗುವಿಗೆ ವಿಷವೇ? ಅಲ್ಲ. ಬಸುರಿಯಲ್ಲಿ ಸಕ್ಕರೆ ಕಾಯಿಲೆಗೆ ಮೊದಲ ಆಯ್ಕೆಯ ಔಷಧಿಯೇ ಇನ್ಸುಲಿನ್. ಮಗುವಿಗೆ ಕೆಡುಕು ಮಾಡುವುದು ತಾಯಿಯ ಹೆಚ್ಚಿದ ಸಕ್ಕರೆ.

ತಾಯಿಗೆ ಶುಗರ್ ಇದ್ದರೆ ಮಗು ಶುಗರ್ ಹೊತ್ತೇ ಹುಟ್ಟುತ್ತದೆಯೇ? ಇಲ್ಲ. ತಾಯಿಗೆ ಟೈಪ್ 1 ಇದ್ದರೆ ಮಗುವಿಗೆ ಮುಂದೆ ಅದು ಬರುವ ಸಾಧ್ಯತೆ ಸುಮಾರು 100ಕ್ಕೆ 2ರಿಂದ 4. ತಂದೆಗೆ ಇದ್ದರೆ ಅದಕ್ಕಿಂತ ಸ್ವಲ್ಪ ಹೆಚ್ಚು. ಟೈಪ್ 2 ಕುಟುಂಬಗಳಲ್ಲಿ ಹೆಚ್ಚಾಗಿ ಕಾಣುತ್ತದೆ, ಆದರೆ ಅದೂ ಹುಟ್ಟುವಾಗಲೇ ಬರುವುದಲ್ಲ.

ಇಬ್ಬರ ಊಟ ಮಾಡಬೇಕೇ? ಬೇಡ. ಅಳತೆಯಿರುವ, ಪೌಷ್ಟಿಕವಾದ ಊಟ ಸಾಕು.

ಹಾಲುಣಿಸಬಾರದೇ? ಉಣಿಸಬಹುದು, ಉಣಿಸಬೇಕು. ಇನ್ಸುಲಿನ್ ತೆಗೆದುಕೊಳ್ಳುವ ತಾಯಿಯ ಹಾಲಿನಿಂದ ಮಗುವಿಗೆ ತೊಂದರೆಯಿಲ್ಲ. ಹಾಲುಣಿಸುವಾಗ ತಾಯಿಯ ಸಕ್ಕರೆ ಇಳಿಯಬಹುದು, ಆ ಎಚ್ಚರ ಇರಲಿ.

ಈ ಲೇಖನವನ್ನು ಹಂಚಿಕೊಳ್ಳುವುದಾದರೆ, ಸೀಮಂತ ಆದವರಿಗೆ ಕಳಿಸುವ ಮೊದಲು ಸಕ್ಕರೆ ಕಾಯಿಲೆ ಇದ್ದು ಈಗಷ್ಟೇ ಮದುವೆಯಾದವರಿಗೆ, ಮಗು ಬೇಕೆಂದು ಯೋಚಿಸುತ್ತಿರುವವರಿಗೆ ಕಳಿಸಿ. ಅವರ ಅತ್ತೆ, ತಾಯಿ, ಗಂಡನಿಗೂ ಕಳಿಸಿ. ಔಷಧಿ ಮತ್ತು ಪ್ರಮಾಣದ ಮಾತು ಮಾತ್ರ ನಿಮ್ಮ ವೈದ್ಯರ ಬಳಿಯೇ ಆಗಲಿ.